ಮೇಣದ ಹದ

ವರ್ಷದ ಕೊನೆಗೆ ದಾಸ್ತಾನು ಬರೆಯುವವಳು ನಾನು.
ಜೇನುಮೇಣ ನಲವತ್ತೆರಡು ಕಿಲೊ, ರಾಳ ಒಂಬತ್ತು,
ಉಕ್ಕಿನ ರೀಡು ಹದಿಮೂರು ಸಾವಿರ ಚಿಲ್ಲರೆ,
ಆಡಿನ ತೊಗಲು, ಗುಂಡಿ, ಮೊಳೆ, ತಿದಿಯ ರಟ್ಟು,
ಯಾರೂ ಎಸೆಯಗೊಡದ ಒಂದು ಮುರುಕು ಕುರ್ಚಿ.

ಇಟಲಿಯ ಒಂದು ದಿಬ್ಬದೂರು. ನನ್ನ ಕಿಟಕಿಗೆ ಸಮುದ್ರ
ತಗಡಿನ ಚೂರಿನಷ್ಟೇ ಕಾಣುತ್ತದೆ.
ಕೆಳಗೆ ಇಪ್ಪತ್ತಾರು ಜನ ಅಕಾರ್ಡಿಯನ್ ಕಟ್ಟುತ್ತಾರೆ,
ಗಾಳಿಗೆ ಬಾಡಿಗೆಮನೆ ಕಟ್ಟಿಕೊಟ್ಟ ಹಾಗೆ.

ಕೊಲಂಬಿಯಕ್ಕೆ ಹೋಗಿದ್ದ ಒಂಬತ್ತು ಪೆಟ್ಟಿಗೆ
ಜೂನಿನಲ್ಲಿ ಹೋದ ದಾರಿಯಲ್ಲೇ ತಿರುಗಿ ಬಂದವು.
ಅಲ್ಲಿನ ಬಿಸಿಲಿಗೆ ಮೇಣ ಇಳಿದು
ರೀಡುಗಳೆಲ್ಲ ಸಡಿಲ ಹಲ್ಲು.
ತಿದಿ ಎಳೆದರೆ ಹಾಡಲ್ಲ, ಗೂರಲು.

ಯಜಮಾನರ ಮಗ ಮಿಲಾನಿನಿಂದ ಒಬ್ಬರನ್ನು ಕರೆಸಿದ.
ಗೋಡೆ ತುಂಬ ಹಳದಿ ಚೀಟಿ ಅಂಟಿಸಿ ಅವರೆಂದರು:
‘ತಪ್ಪು ಉತ್ತರ ಅಂತ ಯಾವುದೂ ಇಲ್ಲ, ತೋಚಿದ್ದು ಹೇಳಿ.’
ನಮ್ಮವರು ಕೈ ಒರೆಸಿಕೊಳ್ಳುತ್ತ ಸುಮ್ಮನೆ ನಿಂತರು.
ತಪ್ಪು ಉತ್ತರ ಒಂಬತ್ತು ಪೆಟ್ಟಿಗೆ ತುಂಬ ಅಲ್ಲೇ ಬಿದ್ದಿತ್ತಲ್ಲ.
ಮಧ್ಯಾಹ್ನದ ಸೆಕೆಗೆ ಚೀಟಿಗಳೂ ಉದುರಿದವು, ಒಂದೊಂದೇ.

ನಜರೇನೊ ಮೇಣ ಕಾಯಿಸುವವನು, ನಲವತ್ತು ವರ್ಷದಿಂದ.
ಥರ್ಮಾಮೀಟರು ಕೊಟ್ಟರೆ ಅದರಲ್ಲೇ ಮೇಣ ಕಲಕುತ್ತಾನೆ.
ಹೆಬ್ಬೆರಳಿನ ಉಗುರಿಗೆ ಒಂದು ಹನಿ ಬಿಟ್ಟುಕೊಂಡು
‘ಹದ ಬಂತು’ ಅನ್ನುತ್ತಾನೆ. ಹೇಗೆ ಗೊತ್ತು? ಉಗುರಿಗೆ ಗೊತ್ತು.
ಶ್ರುತಿ ಕೂಡಿಸುವವನು ಕ್ವಿಂತೊ;
ಕೂದಲೆಳೆಯ ಬಿರುಕನ್ನೂ ಕಣ್ಣುಮುಚ್ಚಿ ಹಿಡಿಯುವ ಕಿವಿ.
ಇಬ್ಬರ ಮೇಜಿನ ನಡುವೆ ಏಳು ಹೆಜ್ಜೆ.
ಮಾತು ಬಿಟ್ಟು ಹನ್ನೊಂದು ವರ್ಷ.
ಎರವಲು ಹೋಗಿ ತಿರುಗಿ ಬಾರದ ಒಂದು ಅರ
ಕಬ್ಬಿಣ ತಿನ್ನುವುದು ಬಿಟ್ಟು ಇವರನ್ನು ತಿಂದಿತ್ತು.

ಇದು ಊರಿಗೆಲ್ಲ ಗೊತ್ತು. ಗೊತ್ತಿಲ್ಲದವಳು ಒಬ್ಬಳೇ,
ಡಿಸೆಂಬರಿನವರೆಗಿನ ಕರಾರಿನ ಮೇಲೆ ಪೆಟ್ಟಿಗೆ ಕಟ್ಟಲು ಬಂದ
ಸೆನೆಗಾಲಿನ ಮರೇಮ್.
ಕರಗಿದ ಮೇಣ ಮೂಸಿ ನೋಡಿ ಅವಳೆಂದಳು:
ನಮ್ಮಮ್ಮ ಬಟ್ಟೆಯ ಮೇಲೆ ಮೇಣ ಬರೆದು ಬಣ್ಣ ಹಾಕುತ್ತಿದ್ದಳು.
ಬೇಸಿಗೆಗೆ ರಾಳ ಜಾಸ್ತಿ. ರಾಳ ಜಾಸ್ತಿಯಾದರೆ ಬಿರಿಯುತ್ತೆ,
ಅದಕ್ಕೆ ಎಣ್ಣೆ ಒಂದು ತೊಟ್ಟು.
ಎಷ್ಟು ದೊಡ್ಡ ತೊಟ್ಟು?
ಅದನ್ನು ಅಮ್ಮನನ್ನೇ ಕೇಳಬೇಕು. ಅಮ್ಮ ಈಗಿಲ್ಲ.

ಆಮೇಲೆ ಆದದ್ದು ಇಷ್ಟೆ. ನಜರೇನೊ ಕಲಸಿ ಕೂರಿಸಿದ್ದನ್ನು
ಅವಳು ಕ್ವಿಂತೊನ ಕಿವಿಗೆ ಒಯ್ದಳು. ‘ಬಿರುಕು’ ಅಂದ.
ಬಂದು ಹೇಳಿದಳು. ಇವನು ಬೈದ.
ಅದು ಬೈಗುಳವೆಂದು ತಿಳಿಯದೆ ಅದನ್ನೂ ಒಯ್ದು ಒಪ್ಪಿಸಿದಳು,
ಒಂದಕ್ಷರ ಬಿಡದೆ.
ಕ್ವಿಂತೊ ನಕ್ಕುಬಿಟ್ಟ.
ಐದನೆಯ ಸಲಕ್ಕೆ ಅವಳ ಇಟಾಲಿಯನ್ ಮುಗಿದುಹೋಯಿತು.
‘ನೀವೇ ಹೋಗಿ ಹೇಳಿ’ ಎಂದು ಮುರುಕು ಕುರ್ಚಿಯಲ್ಲಿ ಕೂತಳು.
ಕ್ವಿಂತೊ ಎದ್ದ. ಏಳು ಹೆಜ್ಜೆ.
ಮೆಟ್ಟಿಲ ಮೇಲಿಂದ ಎಣಿಸಿದೆ, ಎಣಿಸುವುದೇ ನನ್ನ ಕಸುಬು.

ಆಗಸ್ಟಿನಲ್ಲಿ ತಗಡಿನ ಸೂರಿನ ಮೇಲೆ ಮೂರು ದಿನ
ಬಿಸಿಲಿಗಿಟ್ಟು ಇಳಿಸಿದರು. ಮೇಣ ಕೂತಲ್ಲೇ ಕೂತಿತ್ತು.
ಕ್ವಿಂತೊ ಬಾಯಿಟ್ಟು ಊದಿದ. ಒಂದೇ ಸ್ವರ,
ನೇರ, ಒಣಗಿದ ಕೋಲಿನ ಹಾಗೆ.

ಈಗ ಯಜಮಾನರ ಮಗ ಕೇಳುತ್ತಾನೆ:
ಇದನ್ನು ಯಾವ ಬಾಬ್ತಿನಲ್ಲಿ ಬರೆಯೋಣ?
ಸಾಮಗ್ರಿಯೆ? ಯಂತ್ರವೆ? ಮಿಲಾನಿನವರ ಸಲಹೆಯ ಫಲವೆ?
ಉಗುರು ಒಂದು. ಕಿವಿ ಎರಡು.
ತೀರಿಕೊಂಡ ತಾಯಿಯ ಎಣ್ಣೆ ಒಂದು ತೊಟ್ಟು.
ತಿಳಿಯದೆ ಹೊತ್ತ ಬೈಗುಳ.
ಯಾವುದೂ ಕಾರ್ಖಾನೆಯ ಸ್ವತ್ತಲ್ಲ,
ಸಂಜೆ ಐದೂವರೆಗೆ ಗೇಟು ದಾಟಿ ಮನೆಗೆ ಹೋಗುತ್ತವೆ.
ಮರೇಮಳ ಕರಾರು ಮೂವತ್ತೊಂದಕ್ಕೆ ಮುಗಿಯುತ್ತದೆ.
ಕಾಗದ ಸಹಿಗೆ ಹೋಗಿದೆ, ಇನ್ನೂ ಬಂದಿಲ್ಲ.

ಆ ಸಾಲು ಖಾಲಿ ಬಿಟ್ಟು ಮುಂದಿನದಕ್ಕೆ ಬಂದೆ.
ಅರ: ಹೋದ ವರ್ಷ ಹದಿನೇಳು. ಖರೀದಿ ಇಲ್ಲ.
ಈ ವರ್ಷ ಹದಿನೆಂಟು.
ಎರಡು ಸಲ ಎಣಿಸಿದೆ.